ಫರ್ಗೆಟ್-ಮಿ-ನಾಟ್ ಬೀಜ ಮೊಳೆಯುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಮಹಡಿತೋಟ:
ಜಾಗ ಬೆಂಗಳೂರು, ಪೂರ್ವಕ್ಕೆ ತೆರೆದ ಮಹಡಿ. ಪೊಟ್ಟಣದ ಮೇಲೆ ಮಯೊಸೋಟಿಸ್ ಸಿಲ್ವಾಟಿಕಾ ಎಂದು ಗಿಡದ ಸಸ್ಯಶಾಸ್ತ್ರದ ಹೆಸರಿದೆ. ಆಗಸ್ಟ್ ಕೊನೆಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಉದುರಿಸಿ, ಪಿಟೂನಿಯಾಕ್ಕೆ ಮಾಡುವ ಹಾಗೆ ಮುಚ್ಚದೆ ಬಿಟ್ಟಿದ್ದು. ಮೂರು ವಾರಕ್ಕೆ 40ರಲ್ಲಿ 5 ಮೊಳೆತವು, ಅದರಲ್ಲೂ ಮೂರು ಬುಡದಲ್ಲಿ ಸಣ್ಣಗಾಗಿ ಮಲಗಿದವು. ತಪ್ಪು ಬೀಜದ್ದಾ, ವಿಧಾನದ್ದಾ? ಫ್ರಿಜ್‌ನಲ್ಲಿಟ್ಟು ಬಿತ್ತಿದರೆ ಸರಿಹೋಗುತ್ತದಾ? ಇಲ್ಲಿನ ಚಳಿಗೆ ಹೂ ಬಿಡುತ್ತದಾ?

ಬೀಜಪೆಟ್ಟಿಗೆ:
ವಿಧಾನದ್ದೇ. ಪಿಟೂನಿಯಾಕ್ಕೆ ಬೆಳಕು ಬೇಕು, ಇದಕ್ಕೆ ಕತ್ತಲೆ ಬೇಕು. ಬೀಜದ ಮೇಲೆ 3 ಮಿ.ಮೀ.ನಷ್ಟು ಜರಡಿ ಹಿಡಿದ ಕೋಕೋಪೀಟ್ ಹರಡಿ, ಟ್ರೇ ಮೇಲೆ ಎರಡು ಮಡಿಕೆ ನ್ಯೂಸ್‌ಪೇಪರ್ ಮುಚ್ಚಿ. 18ರಿಂದ 21 ಡಿಗ್ರಿಯಲ್ಲಿ 8ರಿಂದ 14 ದಿನಕ್ಕೆ ಮೊಳಕೆ ಕಾಣುತ್ತದೆ. ಏಳನೇ ದಿನದಿಂದ ದಿನಾ ಎತ್ತಿ ನೋಡಲೇಬೇಕು. ಮೊದಲ ಹಸಿರು ಕಂಡ ದಿನವೇ ಪೇಪರ್ ತೆಗೆಯಿರಿ. ಒಂದೆರಡು ದಿನ ತಡವಾದರೂ ಸಸಿ ಬೆಳ್ಳಗೆ ನೂಲಿನಂತೆ ಎಳೆದುಕೊಳ್ಳುತ್ತದೆ, ಆಮೇಲೆ ನೆಟ್ಟಗೆ ನಿಲ್ಲುವುದೇ ಇಲ್ಲ.

ಬುಡ ಸಣ್ಣಗಾಗಿ ಮಲಗಿದ್ದು ಸಸಿ ಕೊಳೆರೋಗ. ಮೇಲಿಂದ ನೀರು ಹೆಚ್ಚಾಗಿ, ಗಾಳಿ ಆಡದಿದ್ದಾಗ ಮಣ್ಣಿನ ಶಿಲೀಂಧ್ರ ಕಾಂಡವನ್ನು ಹಿಂಡಿಬಿಡುತ್ತದೆ. ಮಿಶ್ರಣ ಹಗುರವಾಗಿರಲಿ: ತೊಳೆದ ಕೋಕೋಪೀಟ್ 2 ಪಾಲು, ಎರೆಗೊಬ್ಬರ 1, ದಪ್ಪ ಮರಳು 1. ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು ತೆಗೆದರೆ ಸಾಕು, ತಂಬಿಗೆಯಲ್ಲಿ ಹುಯ್ಯಬೇಡಿ.

ಇನ್ನು ಸಮಯ. ಅಕ್ಟೋಬರ್ ಎರಡನೇ ವಾರಕ್ಕೆ ಮೊದಲು ಬಿತ್ತುವುದು ಬೇಡ. ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ನಾಲ್ಕು ನಿಜವಾದ ಎಲೆ ಬಂದಾಗ ಬೇರಿನ ಮಣ್ಣು ಒಡೆಯದೆ 10 ಇಂಚಿನ ಕುಂಡಕ್ಕೆ ಮೂರರಂತೆ ನೆಡಿ. ಬಲಿತ ಗಿಡ ಕಿತ್ತು ನೆಟ್ಟರೆ ಬಾಡುತ್ತದೆ.

ಲೀಡ್ಸ್ ಕನ್ನಡಿಗ:
ಇಂಗ್ಲೆಂಡಿನಲ್ಲಿ ಇದು ಎರಡು ವರ್ಷದ ಗಿಡ. ಮೇ, ಜೂನ್‌ನಲ್ಲಿ ಬಿತ್ತಿ, ಸೆಪ್ಟೆಂಬರ್‌ನಲ್ಲಿ ಮಡಿಗೆ ನೆಟ್ಟು, ಚಳಿಗಾಲ ಪೂರ್ತಿ ಹೊರಗೆ ಬಿಟ್ಟರೆ ಮುಂದಿನ ಏಪ್ರಿಲ್‌ಗೆ ಹೂ. ಫ್ರಿಜ್ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಹೂವಿಗೆ ಬೇಕಾದ ಚಳಿ ಬೀಜಕ್ಕಲ್ಲ, ಎಲೆಗಟ್ಟಿದ ಗಿಡಕ್ಕೆ, ಅದೂ ವಾರಗಟ್ಟಲೆ. ಹಾಗಾಗಿ ಬೀಜವನ್ನು ಫ್ರಿಜ್‌ನಲ್ಲಿಟ್ಟು ಹೂ ನಿರೀಕ್ಷಿಸಬೇಡಿ. ಬಿತ್ತಿದ ವರ್ಷವೇ ಹೂ ಬಿಡುವ ತಳಿ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಬೆಂಗಳೂರಿಗೆ ತರಿಸಿ. ಉಳಿದವು ಸೊಂಪಾದ ಎಲೆಯ ಬುಟ್ಟಿಯಾಗಿ ನಿಂತು, ಮಾರ್ಚ್ ಬಿಸಿಲಿಗೆ ಹೋಗುತ್ತವೆ.

ಕಾಫಿಗುಡ್ಡ:
ನನ್ನ ಮಟ್ಟಿಗೆ ಬಯಲುಸೀಮೆಗೆ ಚೈನೀಸ್ ಫರ್ಗೆಟ್-ಮಿ-ನಾಟ್ ಮೇಲು, ಸೈನೊಗ್ಲಾಸಮ್ ಅಮಾಬಿಲೆ. ಅದೇ ಕುಟುಂಬ, ಅಷ್ಟೇ ಗಾಢ ನೀಲಿ. ಚಳಿಗೆ ಕಾಯದೆ ಸುಮಾರು ಮೂರು ತಿಂಗಳಲ್ಲಿ ಹೂ. ಬೀಜ ದೊಡ್ಡದು, 5 ಮಿ.ಮೀ. ಆಳಕ್ಕೆ ನೇರ ಕುಂಡದಲ್ಲೇ ಊರಿ. ಗಿಡ ಒಂದೂವರೆ ಅಡಿ ಏರುತ್ತದೆ, ತೆಳು ಕಡ್ಡಿಯ ಆಸರೆ ಕೊಡಿ. ಕಾಯಿ ಮುಳ್ಳುಮುಳ್ಳಾಗಿ ಬಟ್ಟೆಗೆ ಅಂಟುತ್ತದೆ, ಹಾದಿಯ ಪಕ್ಕ ಇಡಬೇಡಿ.

ಎರಡಕ್ಕೂ ಬೆಳಗಿನ ಹತ್ತೂವರೆವರೆಗಿನ ಬಿಸಿಲು ಸಾಕು. ಗೊಬ್ಬರ ಅತಿಯಾದರೆ ಎಲೆಯೇ ಜಾಸ್ತಿ. ಎಲೆ ಮೇಲೆ ರೋಮ ಇರುವುದರಿಂದ ನೀರು ನಿಲ್ಲುತ್ತದೆ, ಸಂಜೆ ಎಲೆ ನೆನೆಸಬೇಡಿ. ಜನವರಿ ಹೊತ್ತಿಗೆ ಬೂದಿರೋಗ (ಎಲೆ ಮೇಲೆ ಬಿಳಿ ಪುಡಿ) ಬಂದರೆ ಕೆಳಗಿನ ಎಲೆ ಚಿವುಟಿ, ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸಿ, ನಡುಮಧ್ಯಾಹ್ನ ಬೇಡ.

ಮಹಡಿತೋಟ:
ಮಯೊಸೋಟಿಸ್ ಇನ್ನೊಮ್ಮೆ ಹಾಕುತ್ತೇನೆ. ಹೂವಾದರೆ ಬೀಜ ಹಿಡಿಯುವುದು ಯಾವಾಗ?

ಬೀಜಪೆಟ್ಟಿಗೆ:
ಹೂಗೊಂಚಲು ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿರುತ್ತದೆ, ಗುಲಾಬಿ ಮೊಗ್ಗು ಅರಳುತ್ತಾ ನೀಲಿಯಾಗುತ್ತದೆ. ಪರಾಗಸ್ಪರ್ಶ ಆದಮೇಲೆ ನಡುವಿನ ಹಳದಿ ಬಳೆ ಬಿಳಿಚಿಕೊಳ್ಳುತ್ತದೆ. ಬೀಜ ಬಲಿಯುವುದು ಕೆಳಗಿನಿಂದ ಮೇಲಕ್ಕೆ. ಗೊಂಚಲಿನ ಕೆಳಭಾಗದಲ್ಲಿ ಹೂವಿನ ಬುಡದ ಹಸಿರು ಬಟ್ಟಲುಗಳು ಕಂದು ಬಣ್ಣಕ್ಕೆ ತಿರುಗಿದಾಗ ಕಡ್ಡಿ ಕತ್ತರಿಸಿ ಬಿಳಿ ಕಾಗದದ ಮೇಲೆ ಕುಟ್ಟಿ. ಒಂದೊಂದರಿಂದ ಎಳ್ಳಿಗಿಂತ ಸಣ್ಣ, ಮಿರಮಿರ ಮಿನುಗುವ ನಾಲ್ಕು ಕಪ್ಪು ಬೀಜ ಉದುರಬೇಕು. ಹಸಿರಾಗಿದ್ದರೆ ಇನ್ನೊಂದು ವಾರ ಬಿಡಿ.