ಅಪ್‌ಡೇಟ್: ಆರ್ಕೇಡ್ ಕ್ಯಾಬಿನೆಟ್ ರೀಸೆಟ್ ಆಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನನ್ನ ಹಳೆಯ ವಿಡಿಯೋ ಗೇಮ್ ಕ್ಯಾಬಿನೆಟ್‌ನಲ್ಲಿ (ಜಾಮಾ, ಅಂದರೆ ಆಟದ ಬೋರ್ಡನ್ನು ಜೋಡಿಸುವ ಪ್ರಮಾಣಿತ ವೈರಿಂಗ್ ಇರುವುದು) ಆಟದ ನಡುವೆಯೇ ರೀಸೆಟ್ ಆಗುತ್ತಿದೆ, ಆಟದ ಬೋರ್ಡ್ ಹೋಗಿದೆಯೇ ಎಂದು ಈ ಹಿಂದೆ ಕೇಳಿದ್ದೆ. ಬೋರ್ಡ್ ಚೆನ್ನಾಗಿಯೇ ಇದೆ. ತೊಂದರೆ 5 ವೋಲ್ಟ್ ಲೈನಿನದು: ಪವರ್ ಸಪ್ಲೈ ತುದಿಯಲ್ಲಿ ಮಲ್ಟಿಮೀಟರ್ 5.02 ತೋರಿಸಿದರೆ, ಬೋರ್ಡಿನ ಚಿಪ್ ಮೇಲೆ 4.68 ಅಷ್ಟೇ. ಬೋರ್ಡಿನಲ್ಲಿರುವ ಟಿಟಿಎಲ್ ಬಗೆಯ ಹಳೆಯ ಲಾಜಿಕ್ ಚಿಪ್‌ಗಳಿಗೆ ಕನಿಷ್ಠ 4.75 ಬೇಕು. ಅಂದರೆ ನಡುವಿನ ವೈರ್ ಮತ್ತು ಕನೆಕ್ಟರ್‌ನಲ್ಲೇ ವೋಲ್ಟೇಜ್ ಕಳೆದುಹೋಗುತ್ತಿತ್ತು.

'ಸಪ್ಲೈಯ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸಿ' ಅಂದವರಿದ್ದರು. ಅದು ಕೊನೆಯ ಕೆಲಸ. ಮೊದಲೇ ಏರಿಸಿದರೆ, ಮುಂದೆ ಕನೆಕ್ಟರ್ ಶುಚಿಯಾದ ದಿನ ಬೋರ್ಡಿಗೆ ಹೆಚ್ಚು ವೋಲ್ಟೇಜ್ ನುಗ್ಗುತ್ತದೆ. ಎಷ್ಟೋ ಸಪ್ಲೈಗಳಲ್ಲಿ 12 ವೋಲ್ಟ್ ಕೂಡ ಜೊತೆಗೇ ಏರುತ್ತದೆ. ಪವರ್ ಆಫ್ ಮಾಡಿ, ಬೋರ್ಡಿನ ಅಂಚಿನ ಸಂಪರ್ಕಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ್ದಾಯಿತು. 56 ಪಿನ್‌ಗಳ ಕನೆಕ್ಟರ್‌ನಲ್ಲಿ 5 ವೋಲ್ಟ್‌ಗೆ 3, 4, ಸಿ, ಡಿ ನಾಲ್ಕೂ ಇವೆ. ಇದರಲ್ಲಿ ವೈರ್ ಇದ್ದದ್ದು ಒಂದಕ್ಕೇ! ಉಳಿದ ಮೂರಕ್ಕೂ, ಗ್ರೌಂಡ್‌ನ 1, 2, ಎ, ಬಿ ಪಿನ್‌ಗಳಿಗೂ ದಪ್ಪ ವೈರ್ ಎಳೆದ ಮೇಲೆ ಚಿಪ್ ಬಳಿ 4.96. ಆಮೇಲೆ ಸ್ಕ್ರೂ ಕೊಂಚ ತಿರುಗಿಸಿ ಚಿಪ್ ಬಳಿಯೇ 5.02ಕ್ಕೆ ನಿಲ್ಲಿಸಿದೆ. ರೀಸೆಟ್ ನಿಂತಿದೆ.

ಇದೇ ಕ್ಯಾಬಿನೆಟ್‌ನ ಪರದೆಯಲ್ಲಿ ಚಿತ್ರ ಅಲುಗಾಡುವುದು ಬೇರೆಯೇ ಸಮಸ್ಯೆ, ಮಾನಿಟರ್‌ನ ಹಳೆಯ ಕೆಪಾಸಿಟರ್‌ಗಳದ್ದಿರಬೇಕು. ಸ್ವಿಚ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಅದನ್ನು ಸಿಆರ್‌ಟಿ ಟಿವಿ ಬಲ್ಲ ಮೆಕ್ಯಾನಿಕ್‌ಗೆ ಬಿಟ್ಟಿದ್ದೇನೆ.