ಒಸರು, ಜಿನುಗು, ತೊಟ್ಟಿಕ್ಕು, ಸೋರು: ಹಳೇ ಕಾರಿಗೆ ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಬಾನೆಟ್ ಎತ್ತಿ ನೋಡುವ ಭಾಗಕ್ಕೆ ಬಂದು ಕೈ ನಿಂತಿದೆ. ಕಾರಣ ಒಂದೇ ಪದ, ಲೀಕ್.

ಗ್ಯಾರೇಜಿನಲ್ಲಿ ಎಲ್ಲಕ್ಕೂ ಲೀಕೇಜ್ ಅನ್ನುತ್ತಾರೆ. ಟ್ಯಾಪೆಟ್ ಕವರಿನ (ಇಂಜಿನ್ನಿನ ಮೇಲಿನ ಮುಚ್ಚಳ) ಅಂಚು ಮುಟ್ಟಿದಾಗ ಬೆರಳಿಗೆ ಜಿಡ್ಡು ಹತ್ತಿದರೂ ಲೀಕೇಜ್. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಅಂಗೈ ಅಗಲ ಎಣ್ಣೆ ಬಿದ್ದಿದ್ದರೂ ಲೀಕೇಜ್. ಮಾರುವವರಿಗೆ ಇದು ಬಹಳ ಅನುಕೂಲ. 'ಹಳೇ ಗಾಡಿ ಅಲ್ವಾ, ಸ್ವಲ್ಪ ಲೀಕೇಜ್ ಇದ್ದೇ ಇರುತ್ತೆ' ಅಂದುಬಿಟ್ಟರೆ ಮಾತು ಮುಗಿಯಿತು. ಕೊಳ್ಳುವವರಿಗೆ ಗೊತ್ತಾಗಬೇಕಾದದ್ದು ಎಷ್ಟು, ಎಲ್ಲಿಂದ, ಯಾವ ಎಣ್ಣೆ ಅನ್ನುವುದು. ಅದಕ್ಕೆ ಬೇಕಾದ ಪದಗಳು ನಮ್ಮಲ್ಲೇ ಇವೆ. ನಾನು ಹೀಗೆ ಹಂಚಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ.

ಒಸರು: ಎಣ್ಣೆ ಹೊರಗೆ ಬಂದಿದೆ, ಆದರೆ ಹರಿದಿಲ್ಲ. ಮರದ ತೊಗಟೆಯಿಂದ ಅಂಟು ಒಸರುವ ಹಾಗೆ. ಅದರ ಮೇಲೆ ಧೂಳು ಕೂತು ಕಪ್ಪಗೆ ದಪ್ಪಗೆ ಮೆತ್ತಿಕೊಂಡಿರುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಬಿಸಿಗೂ ವಯಸ್ಸಿಗೂ ಗಡಸಾದಾಗ ಸಾಮಾನ್ಯವಾಗಿ ಕಾಣುವುದು ಇದು. ಡಿಪ್‌ಸ್ಟಿಕ್ಕಿನಲ್ಲಿ (ಎಣ್ಣೆ ಅಳೆಯುವ ಕಡ್ಡಿ) ಮಟ್ಟ ಇಳಿದದ್ದೇ ಗೊತ್ತಾಗುವುದಿಲ್ಲ.

ಜಿನುಗು: ಬಟ್ಟೆಯಲ್ಲಿ ಒರೆಸಿ, ಒಂದು ಸುತ್ತು ಓಡಿಸಿ ಬಂದರೆ ಅದೇ ಜಾಗ ಮತ್ತೆ ಒದ್ದೆ. ಧೂಳು ಕೂರುವುದಕ್ಕೂ ಬಿಡುವಿಲ್ಲ, ಹಾಗಾಗಿ ಮೇಲ್ಮೈ ಹೊಳೆಯುತ್ತಿರುತ್ತದೆ.

ತೊಟ್ಟಿಕ್ಕು: ಎಣ್ಣೆ ನೆಲ ಮುಟ್ಟಿದೆ. ಚೇಂಬರಿನ (ಇಂಜಿನ್ನಿನ ತಳದ ಎಣ್ಣೆ ತಟ್ಟೆ) ತುದಿಯಲ್ಲಿ ಒಂದು ಹನಿ ಯಾವಾಗಲೂ ನೇತಾಡುತ್ತಿರುತ್ತದೆ.

ಸೋರು: ಮೇಲಿಂದ ಮೇಲೆ ಎಣ್ಣೆ ಹಾಕುತ್ತಲೇ ಇರಬೇಕು.

ಈಗ ಅನುಮಾನಗಳು. ಒಸರು ಮತ್ತು ಜಿನುಗು ನಡುವೆ ನಾನು ಎಳೆದ ಗೆರೆ ನಿಜವಾಗಿಯೂ ಬಳಕೆಯಲ್ಲಿದೆಯಾ? ನನ್ನ ಕಿವಿಗೆ ಒಸರು ನಿಧಾನ, ಜಿನುಗು ಸ್ವಲ್ಪ ಚುರುಕು. ಆದರೆ ವ್ಯತ್ಯಾಸ ವೇಗದ್ದಲ್ಲ, ಗಟ್ಟಿತನದ್ದು ಅಂತಲೂ ವಾದಿಸಬಹುದು. ಅಂಟು, ಕೀವು ಒಸರುತ್ತವೆ. ಮಳೆ, ಕಣ್ಣೀರು ಜಿನುಗುತ್ತವೆ. ಹಾಗಾದರೆ ಇಂಜಿನ್ ಆಯಿಲ್ ಎಷ್ಟೇ ಬಂದರೂ ಒಸರಬೇಕು, ತೆಳುವಾದ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಎಷ್ಟೇ ಕಡಿಮೆ ಇದ್ದರೂ ಜಿನುಗಬೇಕು. ಆಗ ನನ್ನ ನಾಲ್ಕು ಮೆಟ್ಟಿಲಲ್ಲಿ ಒಂದು ಬಿದ್ದೇ ಹೋಗುತ್ತದೆ. ಇದಕ್ಕೆ ನಿಮ್ಮ ಉತ್ತರ ನನಗೆ ಮುಖ್ಯ.

ಇನ್ನೊಂದು ಭಯ ಇದೆ. ಒಸರು ಅಂದ ತಕ್ಷಣ ಓದುವವರು 'ಓ, ಪರವಾಗಿಲ್ಲ' ಅಂದುಕೊಳ್ಳಬಾರದು. ಟ್ಯಾಪೆಟ್ ಕವರಿನಲ್ಲಿ ಒಸರಿದರೆ ಗಾಡಿ ಆರಾಮಾಗಿ ಓಡುತ್ತದೆ. ಅದೇ ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲ್ ಒಸರಿದ್ದರೆ ಗಾಡಿ ಅಲ್ಲೇ ನಿಲ್ಲಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಿನಲ್ಲಿ ಕ್ಯಾಮ್ ಸೀಲ್ (ಬೆಲ್ಟಿನ ಬದಿ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಒಸರಿ ಎಣ್ಣೆ ಬೆಲ್ಟಿಗೆ ತಾಗಿದರೆ ಬೆಲ್ಟ್ ಬೇಗ ಹಾಳಾಗುತ್ತದೆ. ಪದ ಪ್ರಮಾಣ ಹೇಳುತ್ತದೆ, ಅಪಾಯ ಹೇಳುವುದಿಲ್ಲ. ಇವೆರಡನ್ನೂ ಒಂದೇ ಪದದ ಮೇಲೆ ಹೇರಬಾರದು ಅನ್ನುವುದು ನನ್ನ ಅಭಿಪ್ರಾಯ.

ಜಾಗದ ಮಾತೂ ಹಾಗೇ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ತೊಟ್ಟಿಕ್ಕುವ ಜಾಗ ಬೇರೆ, ಹೊರಟ ಜಾಗ ಬೇರೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು. ನೆಲದ ಮೇಲಿನ ಅದೇ ಹನಿ ಡ್ರೈನ್ ಬೋಲ್ಟಿನ ವಾಷರ್‌ನಿಂದ ಬಂದಿದ್ದರೆ ಮುಂದಿನ ಆಯಿಲ್ ಚೇಂಜ್ ಹೊತ್ತಿಗೆ ವಾಷರ್ ಬದಲಿಸಿದರೆ ಸರಿಯಾಗುತ್ತದೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಆಯಿಲ್ ಸೀಲಿನಿಂದ ಬಂದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು. ಸೀಲ್ ಅಗ್ಗ, ಕೂಲಿ ಜಾಸ್ತಿ. ಅದಕ್ಕೇ ಅದನ್ನು ಕ್ಲಚ್ ಪ್ಲೇಟ್ ಬದಲಿಸುವಾಗಲೇ ಮಾಡಿಸಿಕೊಳ್ಳುವುದು ಜಾಣತನ. ಇಂಜಿನ್ನನ್ನು ಚೆನ್ನಾಗಿ ತೊಳೆದು ತೋರಿಸಿದ್ದರೆ ಈ ಯಾವ ಗುರುತೂ ಕಾಣುವುದಿಲ್ಲ. ಹಳೇ ಕಾರಿನ ಇಂಜಿನ್ ಫಳಫಳ ಅನ್ನುತ್ತಿದ್ದರೆ ನನಗಂತೂ ಖುಷಿಗಿಂತ ಅನುಮಾನವೇ ಜಾಸ್ತಿ. ಚೆನ್ನಾಗಿ ಓಡಿಸಿ ಬಂದು ಮತ್ತೊಮ್ಮೆ ಟಾರ್ಚ್ ಹಾಕಿ ನೋಡಬೇಕು.

ವ್ಯಾಕರಣದ ಒಂದು ತೊಡಕು. ಕೊಡವೂ ಸೋರುತ್ತದೆ, ಕೊಡದ ನೀರೂ ಸೋರುತ್ತದೆ. ಹಾಗಾಗಿ 'ಇಂಜಿನ್ ಸೋರುತ್ತಿದೆ' ಸಲೀಸು. 'ಇಂಜಿನ್ ಒಸರುತ್ತಿದೆ' ಅನ್ನಬಹುದಾ? ನನ್ನ ನಾಲಿಗೆ 'ಇಂಜಿನ್ನಿನಿಂದ ಆಯಿಲ್ ಒಸರುತ್ತಿದೆ' ಅಂತಲೇ ತಿರುಗುತ್ತದೆ. ಆದರೆ ಗಾಯ ಜಿನುಗುತ್ತದೆ ಅನ್ನುತ್ತೇವಲ್ಲ, ಅಲ್ಲಿ ಜಿನುಗುವುದು ಗಾಯವೇ. ಕೈಪಿಡಿಯ ತಪಾಸಣೆ ಪಟ್ಟಿಯಲ್ಲಿ ಬಿಡಿಭಾಗದ ಹೆಸರಿನ ಮುಂದೆ ಬರೀ 'ಒಸರು' ಅಂತ ನಾಮಪದವಾಗಿ ಬರೆದರೆ ಓದುವವರಿಗೆ ತಿಳಿಯುತ್ತದಾ? 'ಸೋರಿಕೆ' ಅಂತ ಬರೆದರೆ ಪ್ರಶ್ನೆಪತ್ರಿಕೆಯ ನೆನಪಾಗುತ್ತದೆ, ಅದಕ್ಕೇ ದೂರ ಇಟ್ಟಿದ್ದೇನೆ.

ಶಾಕ್ ಅಬ್ಸಾರ್ಬರ್‌ಗೆ ಐದನೇ ಪದವೂ ಬೇಕಾಗಿದೆ. ಅದರ ರಾಡಿನ ಮೇಲೆ, ಮೈಮೇಲೆ ತೆಳುವಾಗಿ ಎಣ್ಣೆಯ ತೇವ ಇರುವುದು ಸಹಜ, ದೋಷವಲ್ಲ. ಎಣ್ಣೆ ಗೆರೆಯಾಗಿ ಕೆಳಗಿಳಿದಿದ್ದರೆ ಮಾತ್ರ ಬದಲಿಸಬೇಕು. ಆ ಸಹಜ ತೇವಕ್ಕೆ 'ಪಸೆ' ಅಂತ ಹಾಕಿದ್ದೇನೆ. ಪಸೆ ಅಂದರೆ ಬರೀ ನೀರಿನ ತೇವ ಅಂತ ಯಾರಿಗಾದರೂ ಅನಿಸುತ್ತದಾ?

ವಾಟರ್ ಪಂಪಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ವೀಪ್ ಹೋಲ್ ಅನ್ನುತ್ತಾರೆ. ಒಳಗಿನ ಸೀಲ್ ಕೆಟ್ಟಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ, ನೋಡಿದವರಿಗೂ ಗೊತ್ತಾಗಲಿ ಅಂತ ಬೇಕೆಂದೇ ಬಿಟ್ಟಿರುವ ದಾರಿ ಅದು. ಅದರ ಸುತ್ತ ಒಣಗಿದ ಕೂಲೆಂಟಿನ ಬಣ್ಣದ ಕಲೆ ಇದ್ದರೆ ಪಂಪಿನ ಆಯಸ್ಸು ಮುಗಿಯುತ್ತಾ ಬಂದಿದೆ ಅಂತ. 'ಅಳುವ ರಂಧ್ರ' ಅಂತ ಬರೆದರೆ ಜನ ನಗುತ್ತಾರೆ. 'ಒಸರುಗಂಡಿ' ಹೇಗಿದೆ? ನನಗೆ ಹಿಡಿಸಿದೆ, ಆದರೆ ಮೇಲಿನ ವಾದದ ಪ್ರಕಾರ ಕೂಲೆಂಟ್ ಜಿನುಗಬೇಕಲ್ಲ!

'ಆಯಿಲ್ ಕುಡಿಯುತ್ತೆ' ಅನ್ನುವುದನ್ನು ಮಾತ್ರ ಯಾರೂ ಬದಲಿಸಬೇಡಿ. ಹೊರಗೆಲ್ಲೂ ಒದ್ದೆ ಇಲ್ಲ, ಮಟ್ಟ ಮಾತ್ರ ಇಳಿಯುತ್ತಿದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ: ಸಾಮಾನ್ಯವಾಗಿ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ ಅಂತ ಅರ್ಥ. ಅದಕ್ಕೆ ಇದಕ್ಕಿಂತ ಒಳ್ಳೆ ಮಾತಿಲ್ಲ.

ನಿಮ್ಮ ಕಡೆ ಈ ನಾಲ್ಕರಲ್ಲಿ ಯಾವುದು ದಿನದ ಮಾತಿನಲ್ಲಿದೆ, ಯಾವುದು ಬರೀ ಪುಸ್ತಕದಲ್ಲಿದೆ, ಒಂದೊಂದು ವಾಕ್ಯದ ಜೊತೆ ಬರೆಯಿರಿ. ಗಾಡಿಯದ್ದೇ ಆಗಬೇಕಿಲ್ಲ, ಸೂರು, ಗೋಡೆ, ಗಾಯ ಯಾವುದಾದರೂ ಸರಿ. ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಯಾರಾದರೂ ಪರಿಚಯ ಇದ್ದರೆ ಅವರನ್ನೇ ಕೇಳಿ ಬರೆದರೆ ಇನ್ನೂ ಒಳ್ಳೆಯದು.