ಫ್ರೇಸಲ್ ವರ್ಬ್ ಮಂಡೆಗೆ ಹೋಗುದೇ ಇಲ್ಲ, ನೀವೆಲ್ಲ ಹೇಗೆ ಕಲ್ತದ್ದು?

ಎಲ್ರಿಗೂ ನಮಸ್ಕಾರ. ನಾನು ಬಂಟ್ವಾಳ ಕಡೆಯವಳು, ಹತ್ತನೇವರೆಗೆ ಕನ್ನಡ ಮೀಡಿಯಂ, ಬಿ.ಕಾಂ ಮುಗ್ಸಿ ಈಗ ಮಂಗ್ಳೂರಲ್ಲಿ ಒಂದು ಕಂಪೆನಿಯ ಅಕೌಂಟ್ಸ್ ಪ್ರೊಸೆಸ್‌ನಲ್ಲಿದ್ದೇನೆ, ಕ್ಲೈಂಟ್ ಅಮೆರಿಕದವ್ರು. ಮೇಲ್ ಬರೀಲಿಕ್ಕೆ ತೊಂದ್ರೆ ಇಲ್ಲ, ಗ್ರಾಮರೂ ಅಡ್ಡಿ ಇಲ್ಲ, ಆದ್ರೆ ಕಾಲ್‌ನಲ್ಲಿ ಅವ್ರ ಬಾಯಲ್ಲಿ ಫ್ರೇಸಲ್ ವರ್ಬ್, ಅಂದ್ರೆ ವರ್ಬ್‌ಗೆ ಆಫ್, ಅಪ್, ಆನ್ ಥರದ ಸಣ್ಣ ಪದ ಸೇರಿ ಅರ್ಥವೇ ಬೇರೆ ಆಗುವಂಥದ್ದು ಬಂದ್ರೆ ಮುಗೀತು ಕಥೆ. ಮೊನ್ನೆ ‘ಹೋಲ್ಡ್ ಆಫ್ ಆನ್ ದ್ಯಾಟ್ ಪೇಮೆಂಟ್’ ಅಂದ್ರು. ಹೋಲ್ಡ್ ಗೊತ್ತುಂಟು, ಆಫ್ ಗೊತ್ತುಂಟು, ಆನ್ ಕೂಡ ಗೊತ್ತುಂಟು, ಆದ್ರೆ ಆಫೂ ಆನೂ ಒಟ್ಟಿಗೆ ಬಂದ್ರೆ ಪೇಮೆಂಟ್ ಮಾಡುದಾ ಬಿಡುದಾ? ಟೀಮ್ ಲೀಡ್ ಹತ್ರ ಕೇಳ್ಬೇಕಾಯ್ತು. ದೊಡ್ಡ ಲಿಸ್ಟ್ ಇರುವ ಪಿಡಿಎಫ್ ಒಂದು ಸಿಕ್ಕಿತ್ತು, ಎ ಇಂದ ಬಾಯಿಪಾಠ ಶುರು ಮಾಡಿ ಬಿ ಮುಗಿಯುವಷ್ಟರಲ್ಲಿ ಎ ಪೂರಾ ಮರ್ತು ಹೋಗಿದೆ. ಅನುಭವ ಇದ್ದವ್ರು ಹೇಳಿ, ನಿಜವಾಗಿ ಮಂಡೆಬಿಸಿ ಆಗಿದೆ.

*

ನಾನೂ ಇದೇ ಲೈನಲ್ಲಿ ಸುಮಾರು ವರ್ಷ ಇದ್ದು ಈಗ ಹೊಸಬ್ರಿಗೆ ಟ್ರೈನಿಂಗ್ ಕೊಡುವವ, ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ.

ಮೊದ್ಲು ಆ ಪಿಡಿಎಫ್ ಬಿಟ್ಬಿಡಿ. ಆಲ್ಫಾಬೆಟ್ ಪ್ರಕಾರ ಕಲಿತ್ರೆ ‘ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಆಫ್, ಬ್ರೇಕ್ ಔಟ್, ಬ್ರೇಕ್ ಅಪ್’ ಎಲ್ಲ ಒಂದೇ ಸಾಲಲ್ಲಿ ಬಂದು ಕೂರ್ತವೆ, ಮರುದಿನ ಯಾವುದಕ್ಕೆ ಯಾವ ಅರ್ಥ ಅಂತ ಅದಲು ಬದಲು ಆಗದೆ ಇರ್ತದಾ? ನಿಮ್ಮ ನೆನಪಿನ ಶಕ್ತಿಯ ತಪ್ಪಲ್ಲ ಅದು, ಲಿಸ್ಟ್ ಮಾಡಿದವ್ರ ತಪ್ಪು.

ನಿಮ್ಮ ಹೋಲ್ಡ್ ಕಥೆಯನ್ನೇ ತೆಗೊಳ್ಳುವ. ‘ಹೋಲ್ಡ್ ಆನ್’ ಅಂದ್ರೆ ಫೋನಲ್ಲೇ ಒಂದ್ನಿಮಿಷ ಇರಿ ಅಂತ. ‘ಹೋಲ್ಡ್ ಆಫ್’ ಅಂದ್ರೆ ಆ ಕೆಲ್ಸ ಈಗ ಮಾಡ್ಬೇಡಿ, ಮತ್ತೆ ನೋಡುವ. ಅದ್ರ ಹಿಂದೆ ಬಂದ ಆನ್‌ಗೆ ಬೇರೆ ಕೆಲ್ಸ ಇಲ್ಲ, ಯಾವುದನ್ನು ತಡೆಯುದು ಅಂತ ತೋರಿಸ್ಲಿಕ್ಕೆ ಮಾತ್ರ. ಇನ್ನು ‘ಹೆಲ್ಡ್ ಅಪ್’, ನಂತೂರಲ್ಲಿ ಬ್ಲಾಕ್ ಆಗಿ ಆಫೀಸಿಗೆ ತಡ ಆದ್ರೆ ‘ಐ ಗಾಟ್ ಹೆಲ್ಡ್ ಅಪ್’, ಅಪ್ರೂವಲ್ ಬಾರದೆ ಇನ್ವಾಯ್ಸ್ ಕೂತ್ರೆ ಅದೂ ‘ಹೆಲ್ಡ್ ಅಪ್’. ಹೋಲ್ಡ್ ಆಫ್ ಅಂದ್ರೆ ನಿಲ್ಲಿಸುದು ನೀವೇ, ಬೇಕಂತಲೇ. ಹೆಲ್ಡ್ ಅಪ್ ಅಂದ್ರೆ ಬೇರೆ ಎಂತದ್ದೋ ಬಂದು ನಿಮ್ಮನ್ನು ನಿಲ್ಲಿಸಿದೆ. ಈ ಮೂರನ್ನೂ ನಿಮ್ಮ ಎದುರಿಗಿರುವ ಇನ್ವಾಯ್ಸ್‌ಗೇ ಹಚ್ಚಿ ಮೂರು ವಾಕ್ಯ ಬರೀರಿ, ಮತ್ತೆ ಮರೀಲಿಕ್ಕೆ ನೋಡಿದ್ರೂ ಆಗುದಿಲ್ಲ.

ಮತ್ತೆ ನೀವು ಬಿ.ಕಾಂ ಅಲ್ವಾ, ಫ್ರೇಸಲ್ ವರ್ಬ್ ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಬ್ಯಾಡ್ ಡೆಟ್ಸ್ ‘ರೈಟ್ ಆಫ್’ ಮಾಡಿದ್ದೀರಿ. ಇನ್‌ಕಮ್ ಟ್ಯಾಕ್ಸ್ ಪೇಪರಲ್ಲಿ ಲಾಸನ್ನು ಲಾಭದಿಂದ ಕಳೆದು ‘ಸೆಟ್ ಆಫ್’ ಮಾಡಿ ಉಳಿದದ್ದನ್ನು ‘ಕ್ಯಾರಿ ಫಾರ್ವರ್ಡ್’ ಮಾಡಿದ್ದೀರಿ. ಕಂಪೆನಿ ಮುಚ್ಚುವ ‘ವೈಂಡಿಂಗ್ ಅಪ್’ ಓದಿದ್ದೀರಿ. ಲೆಡ್ಜರಲ್ಲಿ ಬಿ/ಡಿ, ಸಿ/ಡಿ ಅಂತ ಎಷ್ಟು ಸಲ ಬರೆದಿದ್ದೀರೋ ಲೆಕ್ಕ ಇಲ್ಲ, ಅದು ‘ಬ್ರಾಟ್ ಡೌನ್’, ‘ಕ್ಯಾರೀಡ್ ಡೌನ್’ ಅಲ್ವಾ! ಇದೆಲ್ಲ ಅಕೌಂಟ್ಸ್ ಅಂತ ಕಲ್ತ ಕಾರಣ ಹೆದರಿಕೆ ಆಗ್ಲಿಲ್ಲ. ಈಗ ಅಲ್ಲಿಂದಲೇ ಸ್ವಲ್ಪ ಮುಂದೆ ಹೋಗಿ. ರೈಟ್ ಆಫ್ ಅಂದ್ರೆ ಇನ್ನು ಇದು ವಾಪಸ್ ಬರುದಿಲ್ಲ ಅಂತ ಲೆಕ್ಕದಿಂದ ತೆಗೆಯುದು. ಕ್ಲೈಂಟ್ ಒಬ್ಬ ವೆಂಡರ್ ಬಗ್ಗೆ ‘ಡೋಂಟ್ ರೈಟ್ ದೆಮ್ ಆಫ್ ಯೆಟ್’ ಅಂದ್ರೆ ಅದೇ ಅರ್ಥ, ಅವ್ರ ಕಥೆ ಮುಗೀತು ಅಂತ ಎಣಿಸ್ಬೇಡಿ ಅಂತ. ಸೆಟ್ ಆಫ್ ಮಾತ್ರ ಹುಷಾರು, ಅದಕ್ಕೆ ಹೊರಡುದು ಅಂತಲೂ ಉಂಟು, ‘ವಿ ಸೆಟ್ ಆಫ್ ಫಾರ್ ಉಡುಪಿ’, ಅಲಾರಂ ಹೊಡ್ಕೊಳ್ಳುವ ಹಾಗೆ ಮಾಡುದಕ್ಕೂ ಅದನ್ನೇ ಹೇಳ್ತಾರೆ.

ಮಾತಾಡುವಾಗ ನಮ್ಮವ್ರು ಜಾಸ್ತಿ ಎಡವುದು ‘ಇಟ್’ ಎಲ್ಲಿ ಹಾಕುದು ಅನ್ನುವಲ್ಲಿ. ‘ರೈಟ್ ಆಫ್ ದ ಅಮೌಂಟ್’ ಸರಿ, ‘ರೈಟ್ ದ ಅಮೌಂಟ್ ಆಫ್’ ಕೂಡ ಸರಿ, ಆದ್ರೆ ಇಟ್ ಬಂದ್ರೆ ನಡುವೆಯೇ ಹೋಗ್ಬೇಕು, ‘ರೈಟ್ ಇಟ್ ಆಫ್’. ‘ರೈಟ್ ಆಫ್ ಇಟ್’ ಆಗುದೇ ಇಲ್ಲ. ಹಾಗಂತ ಎಲ್ಲದಕ್ಕೂ ನಡುವೆ ತುರುಕ್ಲಿಕ್ಕೂ ಆಗುದಿಲ್ಲ, ‘ಲುಕ್ ಇನ್ಟು ಇಟ್’ ಹಾಗೇ ಇರ್ತದೆ, ‘ಲುಕ್ ಆಫ್ಟರ್ ಹರ್’ ಹಾಗೇ ಇರ್ತದೆ. ಯಾವುದು ಒಡೀತದೆ ಯಾವುದು ಒಡೆಯುದಿಲ್ಲ ಅಂತ ಬಾಯಿಪಾಠ ಬೇಡ, ಲಾಂಗ್‌ಮನ್ ಡಿಕ್ಷನರಿಯಲ್ಲಿ ನೋಡಿದ್ರೆ ಒಡೆಯುವಂಥದ್ದಕ್ಕೆ ನಡುವೆ ಎರಡು ಕಡೆ ತಿರುಗಿದ ಬಾಣ ಹಾಕಿರ್ತಾರೆ, ಆನ್‌ಲೈನಲ್ಲಿ ಫ್ರೀ ಉಂಟು.

ಕೇಳುವಾಗಿನ ಕಷ್ಟಕ್ಕೆ ಬೇರೆ ಕಾರಣ. ಅಮೆರಿಕದವ್ರು ಈ ‘ಟ’ವನ್ನು ಎರಡು ಸ್ವರದ ನಡುವೆ ಮೆತ್ತಗೆ ಮಾಡಿ ಎಲ್ಲ ಸೇರ್ಸಿ ಹೇಳ್ತಾರೆ, ‘ಪುಟ್ ಇಟ್ ಆಫ್’ ನಿಮ್ಮ ಕಿವಿಗೆ ‘ಪುಡಿಡಾಫ್’ ಅಂತ ಬೀಳ್ತದೆ, ‘ರೈಟ್ ಇಟ್ ಆಫ್’ ‘ರೈಡಿಡಾಫ್’ ಆಗ್ತದೆ. ಬಿಡಿ ಬಿಡಿಯಾಗಿ ಕಲ್ತವ್ರಿಗೆ ಇದು ಹೊಸ ಶಬ್ದವೇ. ಹಾಗಾಗಿ ಕಲಿಯುವಾಗಲೇ ಇಟ್ ಸೇರ್ಸಿ ಒಂದೇ ಉಸಿರಲ್ಲಿ ಜೋರಾಗಿ ಹೇಳಿ. ಕಾಲ್‌ನಲ್ಲಿ ಲೈವ್ ಕ್ಯಾಪ್ಶನ್ ಆನ್ ಮಾಡ್ಲಿಕ್ಕೆ ಪರ್ಮಿಷನ್ ಇದ್ರೆ ಮಾಡಿ, ಕಿವಿ ಬಿಟ್ಟದ್ದನ್ನು ಕಣ್ಣು ಹಿಡೀತದೆ. ಆ ವಾಕ್ಯ ನೋಟ್‌ಬುಕ್ಕಿಗೆ ಹಾಕುವಾಗ ಕ್ಲೈಂಟ್ ಹೆಸ್ರು, ಅಮೌಂಟ್ ಎಲ್ಲ ಬದಲಾಯ್ಸಿ ಬರೀರಿ, ಇಲ್ಲದ್ರೆ ಬೇರೆ ತಲೆನೋವು.

ಗೊತ್ತಾಗದಿದ್ರೆ ಅಲ್ಲೇ ಸಾದಾ ಇಂಗ್ಲಿಷಲ್ಲಿ ತಿರುಗಿಸಿ ಕೇಳಿ, ‘ಸೋ ವಿ ಶುಡ್ ನಾಟ್ ರಿಲೀಸ್ ದ ಪೇಮೆಂಟ್ ಯೆಟ್, ಕರೆಕ್ಟ್?’ ಅಂತ. ಅವ್ರು ಹೌದು ಅಂದ್ರೆ ಹೌದು. ಇದ್ರಲ್ಲಿ ಮರ್ಯಾದೆ ಹೋಗುವಂಥದ್ದು ಎಂತದೂ ಇಲ್ಲ, ದುಡ್ಡಿನ ವಿಷಯದಲ್ಲಿ ಎರಡು ಸಲ ಕೇಳಿದ್ರೆ ಕ್ಲೈಂಟಿಗೆ ಖುಷಿಯೇ.

*

ಇಷ್ಟೆಲ್ಲ ಯಾಕೆ ಮಾರಾಯ್ರೆ? ನಾನು ದುಬೈಯಲ್ಲಿ ತುಂಬಾ ವರ್ಷ ದುಡಿದು ಬಂದವ. ಆಫೀಸಲ್ಲಿ ಫಿಲಿಪೀನ್ಸ್‌ನವ್ರು, ಈಜಿಪ್ಟ್‌ನವ್ರು, ಮಲಯಾಳಿಗಳು, ನಾವು. ‘ಪೋಸ್ಟ್‌ಪೋನ್’ ಅಂದ್ರೆ ಎಲ್ರಿಗೂ ಗೊತ್ತಾಗ್ತದೆ, ‘ಪುಟ್ ಆಫ್’ ಅಂದ್ರೆ ಅರ್ಧ ಜನಕ್ಕೆ ಗೊತ್ತಾಗುದಿಲ್ಲ. ಸಾದಾ ವರ್ಬ್ ಹಾಕಿ ಮಾತಾಡಿ, ಪೊಕ್ಕಡೆ ಟೆನ್ಶನ್ ಮಾಡ್ಬೇಡಿ.

*

ಮೇಲಿನ ದುಬೈ ಅಣ್ಣ ಹೇಳಿದ್ದು ಮಾತಾಡ್ಲಿಕ್ಕೆ ಸರಿ, ಕೇಳ್ಲಿಕ್ಕೆ ಸರಿ ಆಗುದಿಲ್ಲ. ಎದುರಿನವ್ರು ಎಂತ ಹೇಳ್ಬೇಕು ಅಂತ ನಾವು ಹೇಳ್ಲಿಕ್ಕಾಗ್ತದಾ? ನಾನು ದೇರಳಕಟ್ಟೆಯಲ್ಲಿ ನರ್ಸ್, ಯುಕೆಗೆ ಹೋಗ್ಲಿಕ್ಕೆ ಓಇಟಿಗೆ, ಅಂದ್ರೆ ಆಸ್ಪತ್ರೆ ಕೆಲ್ಸದವ್ರಿಗೆ ಇರುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡ್ತಾ ಇದ್ದೇನೆ. ಅದ್ರ ಸ್ಪೀಕಿಂಗ್‌ನಲ್ಲಿ ಎರಡು ರೋಲ್ ಪ್ಲೇ, ಒಂದೊಂದು 5 ನಿಮಿಷ, ನಾವು ನರ್ಸ್, ಎದುರಿಗಿರುವವ್ರು ಪೇಶೆಂಟ್ ಇಲ್ಲದ್ರೆ ಅವ್ರ ಮನೆಯವ್ರು. ಪೇಶೆಂಟ್ ಯಾವತ್ತೂ ‘ಐ ವಾಮಿಟೆಡ್’ ಅಂತಲೇ ಹೇಳ್ತಾರೆ ಅಂತ ಇಲ್ಲ, ‘ಐ ಥ್ರೂ ಅಪ್’ ಅಂತಾರೆ. ಕಫ ಬಂದ್ರೆ ‘ಬ್ರಿಂಗಿಂಗ್ ಅಪ್ ಫ್ಲೆಮ್’. ಮೈಯಲ್ಲಿ ಕೆಂಪು ಎದ್ರೆ ‘ಬ್ರೋಕ್ ಔಟ್ ಇನ್ ಎ ರ್‍ಯಾಶ್’. ಅನಸ್ತೇಶಿಯಾ ಇಳೀತಾ ಬಂದ್ರೆ ‘ವೇರಿಂಗ್ ಆಫ್’, ಎಚ್ಚರ ಆದ್ರೆ ‘ಕೇಮ್ ರೌಂಡ್’. ಗಂಟುನೋವು ಮತ್ತೆ ಜೋರಾದ್ರೆ ‘ಫ್ಲೇರ್ಡ್ ಅಪ್’. ನಾವು ಅವ್ರಿಗೆ ಉಪ್ಪು ಕಡಿಮೆ ಮಾಡಿ ಅನ್ಲಿಕ್ಕೆ ‘ಕಟ್ ಡೌನ್ ಆನ್ ಸಾಲ್ಟ್’, ಸಿಗರೇಟ್ ಪೂರಾ ಬಿಡ್ಲಿಕ್ಕೆ ‘ಗಿವ್ ಅಪ್’. ಇಲ್ಲಿ ಡೌನ್‌ಗೂ ಅಪ್‌ಗೂ ವ್ಯತ್ಯಾಸ ನೋಡಿ, ಒಂದು ಕಡಿಮೆ, ಇನ್ನೊಂದು ಪೂರ್ತಿ ಬಂದ್. ಅದು ಅದಲು ಬದಲಾದ್ರೆ ಪೇಶೆಂಟಿಗೆ ಕೊಡುವ ಸಲಹೆಯೇ ತಪ್ಪಿತು.

‘ಪಾಸ್ ಔಟ್’ ಒಂದು ಹೇಳ್ಲೇಬೇಕು. ನಮ್ಮಲ್ಲಿ ಕಾಲೇಜು ಮುಗ್ಸುದಕ್ಕೆ ಪಾಸ್ ಔಟ್ ಅಂತೇವೆ, ಅಲ್ಲಿ ಪೇಶೆಂಟ್ ‘ಐ ಪಾಸ್ಡ್ ಔಟ್ ಇನ್ ದ ಬಾತ್‌ರೂಮ್’ ಅಂದ್ರೆ ತಲೆ ತಿರುಗಿ ಬಿದ್ದದ್ದು, ಬಿಪಿ ನೋಡ್ಬೇಕು. ಇಂಟರ್‌ವ್ಯೂನಲ್ಲಿ ನೀವು ‘ಗ್ರ್ಯಾಜುಯೇಟೆಡ್’ ಅಂತಲೇ ಹೇಳಿ. ಮತ್ತೆ ಓಇಟಿ ಲೆಟರ್ ಬರೆಯುವಾಗ ಥ್ರೂ ಅಪ್ ಎಲ್ಲ ಹಾಕುದು ಬೇಡ, ಅಲ್ಲಿ ವಾಮಿಟೆಡ್ ಅಂತಲೇ ಬರೀಬೇಕು. ಬಾಯಿಗೊಂದು, ಕಾಗದಕ್ಕೊಂದು.

*

ಎರಡೇ ಮಾತು, ಬಸ್ಸಲ್ಲಿದ್ದೇನೆ. ನಾನು ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕಿಗೆ ದಿನಾ ಬರುವವಳು, ದಾರಿಯಲ್ಲಿ ಕಂಡದ್ದನ್ನೆಲ್ಲ ಮನಸ್ಸಲ್ಲೇ ಇಂಗ್ಲಿಷಲ್ಲಿ ಹೇಳ್ತಾ ಕೂರ್ತೇನೆ, ಹುಚ್ಚು ಅಂತ ಎಣಿಸ್ಬೇಡಿ. ಕಂಡಕ್ಟರ್ ‘ರೈಟ್ ಪೋಯಿ’ (ಸರಿ, ಹೋಗುವ) ಅಂದ ಕೂಡ್ಲೇ ‘ದ ಬಸ್ ಪುಲ್ಸ್ ಔಟ್’. ಕೊಟ್ಟಾರಚೌಕಿಯಲ್ಲಿ ನಾಲ್ಕು ಜನ ‘ಗೆಟ್ ಆನ್’, ಲಾಲ್‌ಬಾಗಲ್ಲಿ ಅರ್ಧ ಬಸ್ಸು ‘ಗೆಟ್ ಆಫ್’. ಬಸ್ಸು ರೈಲಿಗೆ ಆನ್ ಆಫ್, ರಿಕ್ಷಾ ಕಾರಿಗೆ ಇನ್ ಔಟ್, ‘ಗೆಟ್ ಇನ್’ ‘ಗೆಟ್ ಔಟ್’. ಜೂನಲ್ಲಿ ಮಳೆ ಬಿಡದಿದ್ರೆ ‘ಇಟ್ ಹ್ಯಾಸಂಟ್ ಲೆಟ್ ಅಪ್’, ಮಳೆಗೆ ಮ್ಯಾಚ್ ಕ್ಯಾನ್ಸಲ್ ಆದ್ರೆ ‘ಕಾಲ್ಡ್ ಆಫ್’, ಕರೆಂಟ್ ಹೋದ್ರೆ ‘ವೆಂಟ್ ಆಫ್’, ಬಂದ್ರೆ ‘ಕೇಮ್ ಬ್ಯಾಕ್ ಆನ್’. ಖರ್ಚಿಲ್ಲ, ಟಿಕೆಟಿಗೆ ಕೊಟ್ಟದ್ದು ಬಿಟ್ಟು. ನನ್ನ ಸ್ಟಾಪ್ ಬಂತು.

*

ಉಡುಪಿಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಪ್ರಶ್ನೆ ಕೇಳಿದ ಮಗಳಿಗೆ ಮೊದಲು ಒಂದು ಸಮಾಧಾನ: 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದಾರೆ, ಕ್ರಿಯಾಪದದ ಹಿಂದೆ ಸಣ್ಣ ಪದ ಸೇರಿಸಿ ಅರ್ಥ ಬದಲಿಸುವ ಈ ಕ್ರಮ ಪರದೇಶದವರಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಅಂತ. ನೀವೊಬ್ಬರೇ ಅಲ್ಲ.

ಇನ್ನು ಎಷ್ಟು ಕಲಿಯಬೇಕು ಅನ್ನುವುದಕ್ಕೂ ಉತ್ತರ ಉಂಟು. ಗಾರ್ನಿಯೆ ಮತ್ತು ಶ್ಮಿಟ್ ಅಂತ ಇಬ್ಬರು ಸಂಶೋಧಕರು 2015ರಲ್ಲಿ ಹೆಚ್ಚು ಬಳಕೆಯಲ್ಲಿರುವ 150 ಫ್ರೇಸಲ್ ವರ್ಬ್ ಆಯ್ದು, ಒಂದೊಂದಕ್ಕೂ ಇರುವ ಹತ್ತಾರು ಅರ್ಥದಲ್ಲಿ ನಿಜವಾಗಿ ಬಳಕೆಯಾಗುವುದು ಯಾವುದು ಅಂತ ಸೋಸಿ ಒಟ್ಟು 288 ಅರ್ಥಕ್ಕೆ ಇಳಿಸಿದರು. ಸರಾಸರಿ ಒಂದಕ್ಕೆ ಎರಡೇ ಅರ್ಥ. ಎಲ್ಲಕ್ಕಿಂತ ಮೇಲೆ ‘ಗೋ ಆನ್’ ಕೂತಿದೆ. ಹಾಗಾಗಿ ದೊಡ್ಡ ಪಿಡಿಎಫ್ ಬೇಡ ಅಂತ ಮೇಲೆ ಬರೆದವರ ಮಾತಿಗೆ ನಾನೂ ಸೈ, ಆದರೆ ಪಟ್ಟಿಯೇ ಬೇಡ ಅನ್ನುವುದಕ್ಕೆ ಒಪ್ಪುವುದಿಲ್ಲ. ಕೆಲಸದಿಂದ ಮಾತ್ರ ಕಲಿತರೆ ‘ರೈಟ್ ಆಫ್’ ಬರ್ತದೆ, ಊಟಕ್ಕೆ ಕೂತಾಗ ಕ್ಲೈಂಟ್ ಮನೆ ಮಕ್ಕಳ ವಿಷಯ ತೆಗೆದರೆ ‘ಗ್ರೋ ಅಪ್, ಮೂವ್ ಔಟ್, ಸೆಟಲ್ ಡೌನ್’ ಬರಬೇಕಲ್ಲ. ಆ 150ರಲ್ಲಿ ಗೊತ್ತಿರುವುದಕ್ಕೆಲ್ಲ ಪೆನ್ಸಿಲಿನಲ್ಲಿ ಗೀರು ಎಳೆದು ಉಳಿದದ್ದನ್ನು ಮಾತ್ರ ನೋಡಿ, ಅರ್ಧಕ್ಕಿಂತ ಜಾಸ್ತಿ ಈಗಲೇ ಗೊತ್ತಿರ್ತದೆ ಅಂತ ನನ್ನ ಎಣಿಕೆ.

ಇದು ನಮಗೆ ಪೂರ್ತಿ ಹೊಸ ಸಂಗತಿಯೂ ಅಲ್ಲ. ಕೈ ಕೊಟ್ಟ, ಕೈ ಹಾಕಿದ, ಕೈ ಹಿಡಿದ, ಕೈ ಬಿಟ್ಟ, ಇದರ ಅರ್ಥವನ್ನು ಕೈಯಿಂದ ಯಾರಾದರೂ ಕಂಡುಹಿಡೀಲಿಕ್ಕೆ ಆಗ್ತದಾ? ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ, ಯಾರು ಯಾರಿಗೆ ಕೈ ಕೊಟ್ಟರು ಅನ್ನುವ ಸುದ್ದಿಯಿಂದ ಕಲಿತದ್ದು.

ಮೇಲ್ ಬರೆಯುವವರಿಗೆ ಒಂದು: ಕ್ರಿಯಾಪದ ಆದರೆ ಬಿಡಿಸಿ ‘ಲಾಗ್ ಇನ್’, ‘ಬ್ಯಾಕ್ ಅಪ್’, ‘ಸೆಟ್ ಅಪ್’, ನಾಮಪದ ಆದರೆ ಸೇರಿಸಿ ‘ಲಾಗಿನ್’, ‘ಬ್ಯಾಕಪ್’, ‘ಸೆಟಪ್’. ಹೇಳುವಾಗಲೂ ಹಾಗೆ, ಕ್ರಿಯೆಗೆ ಒತ್ತು ಕೊನೆಯ ಸಣ್ಣ ಪದಕ್ಕೆ, ನಾಮಪದಕ್ಕೆ ಒತ್ತು ಮೊದಲಿಗೆ. ಮತ್ತೆ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್’ ಅಂತ ಬರೆಯುವುದು ಎಲ್ಲ ಕಡೆ ಕಾಣ್ತದೆ, ಅದು ‘ಟು ಹಿಯರಿಂಗ್’. ‘ಕೋಪ್ ಅಪ್ ವಿತ್’ ಅಂತಲೂ ಇಲ್ಲ, ಬರೀ ‘ಕೋಪ್ ವಿತ್’. ಆ ಅಪ್ ಎಲ್ಲಿಂದ ಬಂತೋ ದೇವರಿಗೇ ಗೊತ್ತು, ‘ಕೀಪ್ ಅಪ್ ವಿತ್’ನಿಂದ ಜಾರಿ ಬಂದಿರಬೇಕು.

*

ಪ್ರಶ್ನೆ ಕೇಳಿದವಳೇ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಬಿ/ಡಿ ಸಿ/ಡಿ ಓದಿ ನಗು ಬಂತು, ಅದು ಹೌದಲ್ಲ ಅಂತ ಈಗ ಹೊಳೀತು. ಸರ್, 150ರ ಲಿಸ್ಟ್ ಹುಡುಕ್ತೇನೆ. ಇನ್ನೊಂದು ಡೌಟ್, ಈಗಷ್ಟೇ ಮೇಲ್ ಬಂತು: ‘ಲೆಟ್ಸ್ ಸರ್ಕಲ್ ಬ್ಯಾಕ್ ಆನ್ ದಿಸ್ ಥರ್ಸ್‌ಡೇ, ಐ ವಿಲ್ ಲೂಪ್ ಇನ್ ಅವರ್ ಕಂಟ್ರೋಲರ್.’ ಕಂಟ್ರೋಲರ್‌ಗೆ ಕಂಪ್ಲೇಂಟ್ ಮಾಡ್ತಾರಾ?

*

ಟ್ರೈನಿಂಗ್‌ನವ ಪುನಃ. ಕಂಪ್ಲೇಂಟ್ ಎಲ್ಲ ಎಂತದೂ ಅಲ್ಲ, ಹೆದರ್ಬೇಡಿ. ಸರ್ಕಲ್ ಬ್ಯಾಕ್ ಅಂದ್ರೆ ಈ ವಿಷಯ ಈಗ ಬಿಟ್ಟು ಗುರುವಾರ ಪುನಃ ಎತ್ತುವ ಅಂತ. ಲೂಪ್ ಇನ್ ಅಂದ್ರೆ ಕಂಟ್ರೋಲರನ್ನೂ, ಅಂದ್ರೆ ಅವ್ರ ಕಂಪೆನಿಯ ಲೆಕ್ಕಪತ್ರ ನೋಡುವ ಮುಖ್ಯಸ್ಥರನ್ನೂ ಮಾತುಕತೆಗೆ ಸೇರಿಸುದು, ಜಾಸ್ತಿಯಾಗಿ ಮೇಲ್‌ನಲ್ಲಿ ಸಿಸಿ ಹಾಕುದು, ಇಟ್ ನಡುವೆ ಹೋಗುವ ಹಾಗೆ ‘ಲೂಪ್ ಹಿಮ್ ಇನ್’. ನಾಳೆ ಆ ಮೇಲ್‌ಚೈನಲ್ಲಿ ಹೊಸ ಹೆಸ್ರು ಒಂದು ಕಾಣ್ತದೆ, ರಿಪ್ಲೈ ಮಾಡುವಾಗ ರಿಪ್ಲೈ ಆಲ್ ಒತ್ತಿ. ಮತ್ತೆ ಗುರುವಾರಕ್ಕೆ ಆ ಹೋಲ್ಡ್ ಆಫ್ ಮಾಡಿದ ಪೇಮೆಂಟಿನ ಇನ್ವಾಯ್ಸ್ ರೆಡಿ ಇಟ್ಕೊಳ್ಳಿ, ಕೇಳುದು ಅದನ್ನೇ ಇರ್ಬಹುದು.